ಮೂರನೆಯ ಅಧ್ಯಾಯ ಬೇಡವೆಂದ ಪ್ರಕಾಶಕರು

ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದ ನಿವೃತ್ತ ಶಿಕ್ಷಕಿ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಇಲ್ಲಿ ಅವರನ್ನು ಟೀಚರಮ್ಮ ಎನ್ನುತ್ತೇನೆ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ವಾರದ ಪ್ರಾರ್ಥನಾ ಕೂಟಕ್ಕೆ ಹೋಗುವುದನ್ನೂ ಬಿಟ್ಟಿದ್ದರು. ಕಿರಿಯ ಮಗ ಹೆದ್ದಾರಿಯಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಿ ತೀರಿಕೊಂಡು ಮೂರು ವರ್ಷವಾಗಿತ್ತು. ಆದರೆ ಮೊದಲ ಭೇಟಿಯಲ್ಲಿ ಅವರು ಹೆಚ್ಚು ಮಾತನಾಡಿದ್ದು ಮಗನ ಬಗ್ಗೆ ಅಲ್ಲ, ವಾಪಸು ಬಂದ ಒಂದು ಹಸ್ತಪ್ರತಿಯ ಬಗ್ಗೆ.

ಮಗನನ್ನು ಕಳೆದುಕೊಂಡ ಮೇಲಿನ ದಿನಗಳನ್ನು ಅವರು ನೋಟ್‌ಬುಕ್ಕುಗಳಲ್ಲಿ ಬರೆಯುತ್ತಾ ಹೋಗಿದ್ದರು. ಬರೆಯಲು ಕರ್ತನೇ ಪ್ರೇರಣೆ ಕೊಟ್ಟನೆಂಬುದು ಅವರ ದೃಢ ನಂಬಿಕೆ. ಅಣ್ಣನ ಮಗ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಕೊಟ್ಟ. ಒಂದು ಸಣ್ಣ ಕ್ರೈಸ್ತ ಪ್ರಕಾಶನಕ್ಕೆ ಕಳುಹಿಸಿದರು. ಎಂಟು ತಿಂಗಳು ಸುದ್ದಿಯಿಲ್ಲ. ಆಮೇಲೆ ಬಂದದ್ದು ಅರ್ಧ ಪುಟದ ಪತ್ರ: ಭಾಷೆ ಚೆನ್ನಾಗಿದೆ, ಮೂರನೆಯ ಅಧ್ಯಾಯ ವಿಶ್ವಾಸಿಗಳನ್ನು ಎಡವಿಸುವಂತಿದೆ, ಅದನ್ನು ತೆಗೆದರೆ ಅಚ್ಚು ಹಾಕಬಹುದು, ಮುನ್ನೂರು ಪ್ರತಿಗಳ ಹಣವನ್ನು ಲೇಖಕರು ಮುಂಗಡವಾಗಿ ಕೊಡಬೇಕು.

ಹಸ್ತಪ್ರತಿಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಮೂರನೆಯ ಅಧ್ಯಾಯದ ಅಂಚಿನುದ್ದಕ್ಕೂ ಮೇಲಿನಿಂದ ಕೆಳಗೆ ಒಂದೇ ಪೆನ್ಸಿಲ್ ಗೆರೆ. ಪಕ್ಕದಲ್ಲಿ ಒಂದಕ್ಷರದ ಟಿಪ್ಪಣಿಯೂ ಇಲ್ಲ. ಮಕ್ಕಳ ತಪ್ಪು ತಿದ್ದುವಾಗಲೂ ಪಕ್ಕದಲ್ಲಿ ಸರಿಯಾದದ್ದನ್ನು ಬರೆಯದೆ ಬಿಟ್ಟವರಲ್ಲ ಅವರು. ಆ ಗೆರೆಯ ಮೇಲೆ ಬೆರಳಾಡಿಸುತ್ತಾ, “ಏನು ತಪ್ಪೆಂದು ಬರೆಯಬಹುದಿತ್ತಲ್ಲ ಮೇಡಂ” ಎಂದರು. ಅಧ್ಯಾಯವನ್ನು ಅವರ ಎದುರಿಗೇ ಓದಿದೆ. ಒಂದು ವರ್ಷ ಪ್ರಾರ್ಥಿಸಲಾಗದೆ ಆರಾಧನೆಯಲ್ಲಿ ತುಟಿ ಬಿಗಿದು ಕುಳಿತದ್ದು, ನೋಡಲು ಬಂದವರು “ಎಲ್ಲ ದೇವರ ಚಿತ್ತ” ಎಂದಾಗ ಒಳಗೆ ಹೋಗಿ ಚಿಲಕ ಹಾಕಿಕೊಂಡದ್ದು, ಎಲ್ಲವೂ ಅಲ್ಲಿದೆ. ಪುಸ್ತಕದ ಜೀವ ಇರುವುದೇ ಆ ಅಧ್ಯಾಯದಲ್ಲಿ. ಉಳಿದವು ನಂಬಿಕೆಯ ಅನುಭವ ಹೇಳುವ ಇಂಥ ‘ಸಾಕ್ಷಿ’ಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವಂಥವು.

“ನನ್ನ ದುಃಖ ದೇವರಿಗೂ ಬೇಡವಾಯಿತು” ಎಂದರು. ಇಂಥ ಮಾತು ಬಂದಾಗ ಸುತ್ತು ಬಳಸದೆ ಕೇಳಬೇಕು. ಸಾಯಬೇಕೆನಿಸುತ್ತದೆಯೇ ಎಂದು ಕೇಳಿದೆ. ಮಗನ ಹತ್ತಿರ ಹೋಗಿಬಿಡೋಣ ಎನಿಸುತ್ತದೆ, ಆದರೆ ಏನೂ ಮಾಡಿಕೊಳ್ಳುವ ಯೋಚನೆ ಇಲ್ಲ ಎಂದರು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಪತ್ರ ಕೊಟ್ಟೆ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಕನ್ನಡದಲ್ಲಿ ಮಾತನಾಡಬಹುದಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416 ಅನ್ನು ಅವರ ಮೊಬೈಲಿಗೆ ಹಾಕಿಸಿದೆ. ಪುಸ್ತಕದ ಮಾತುಕತೆ ಈ ಚಿಕಿತ್ಸೆಯ ಜೊತೆಜೊತೆಗೇ ನಡೆಯಿತು.

ಬರೆಸಿದವನು ದೇವರು ಎಂದು ನಂಬಿದವರಿಗೆ ಪ್ರಕಾಶಕರ ಪತ್ರ ದೇವರಿಂದಲೇ ಬಂದ ಉತ್ತರವಾಗಿಬಿಡುತ್ತದೆ. ಬೇರೆ ಪ್ರಕಾಶಕರು ತಿರಸ್ಕರಿಸಿದ್ದರೆ ಟೀಚರಮ್ಮ ಇಷ್ಟು ಕುಸಿಯುತ್ತಿರಲಿಲ್ಲ. 1843ರಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ್ದನ್ನು, 1894ರಲ್ಲಿ ಕಿಟೆಲ್ ನಿಘಂಟು ಬಂದದ್ದನ್ನು ಹೆಮ್ಮೆಯಿಂದ ಮಕ್ಕಳಿಗೆ ಹೇಳಿಕೊಟ್ಟವರು ಅವರು. ಅಂಥ ಪರಂಪರೆಯ ‘ನಮ್ಮವರೇ’ ಬೇಡವೆಂದರಲ್ಲ ಎಂಬ ನೋವು. ಅವರ ನಂಬಿಕೆಯನ್ನು ಪ್ರಶ್ನಿಸುವುದು ನನ್ನ ಕೆಲಸವಲ್ಲ. ಪ್ರೇರಣೆಯೂ ಪ್ರಕಾಶಕರ ತೀರ್ಮಾನವೂ ಒಂದೇ ಎಂದು ಅವರು ಹಾಕಿಕೊಂಡಿದ್ದ ಗಂಟನ್ನು ಬಿಡಿಸುವುದಷ್ಟೇ ನನ್ನ ಕೆಲಸವಾಗಿತ್ತು.

ಅದಕ್ಕೆ ಸಣ್ಣ ಪ್ರಕಾಶನ ಹೇಗೆ ನಡೆಯುತ್ತದೆಂಬುದನ್ನು ವಿವರಿಸಿದೆ. ಅಲ್ಲಿ ಹಸ್ತಪ್ರತಿ ಓದುವವರು, ಕರಡಚ್ಚು ತಿದ್ದುವವರು, ಕಟ್ಟು ಕಟ್ಟಿ ಅಂಚೆಗೆ ಹಾಕುವವರು ಎಷ್ಟೋ ಸಲ ಒಬ್ಬರೇ. ಪುಸ್ತಕ ಮಾರಾಟವಾಗುವುದು ಚರ್ಚ್ ಸಭೆಗಳಲ್ಲಿ, ಸುವಾರ್ತಾ ಕೂಟಗಳ ಮೇಜುಗಳಲ್ಲಿ. ಒಬ್ಬ ಸಭಾಪಾಲಕರು (ಪಾದ್ರಿ) ಬೇಸರಗೊಂಡರೂ ಆ ಮೇಜು ಕೈತಪ್ಪುತ್ತದೆ. ಕಾಗದದ ಹಣ ಹುಟ್ಟುವುದೂ ಕಷ್ಟ. ಎಂಟು ತಿಂಗಳ ಮೌನಕ್ಕೂ ಮುಂಗಡದ ಮಾತಿಗೂ ಇಂಥ ಕಾರಣಗಳಿರಬಹುದು. ಆ ಪೆನ್ಸಿಲ್ ಗೆರೆ ತನ್ನ ಓದುಗರನ್ನು ಕಳೆದುಕೊಳ್ಳಲು ಹೆದರಿದ ಒಬ್ಬ ಸಂಪಾದಕರದ್ದು ಎಂದು ತೋರುತ್ತದೆ ಎಂದೆ. ಅವರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಮುಂದಿನ ಭೇಟಿಗೆ ಒಂದು ಮನೆಪಾಠ ಕೊಟ್ಟೆ: ದುಃಖಕ್ಕೆ ಸಮಾಧಾನ ಸಿಗದೆ ಮುಗಿಯುವ ಭಾಗಗಳನ್ನು ಸತ್ಯವೇದದಲ್ಲಿ (ಬೈಬಲಿನಲ್ಲಿ) ಹುಡುಕಿ ಬನ್ನಿ. ಚೀಟಿಗಳನ್ನಿಟ್ಟುಕೊಂಡು ಬಂದರು. 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ, ಕೊನೆಯಲ್ಲಿ ಸ್ತುತಿಯ ಸಾಲಿಲ್ಲ. ನಾನು ಎಣಿಸದಿದ್ದ ಇನ್ನೊಂದನ್ನೂ ತಂದಿದ್ದರು, ಯೆರೆಮೀಯನ 36ನೆಯ ಅಧ್ಯಾಯ. ಪ್ರವಾದಿ ಹೇಳಿದ್ದನ್ನು ಅವನ ಲಿಪಿಕಾರ ಬಾರೂಕ ಸುರುಳಿಯಲ್ಲಿ ಬರೆಯುತ್ತಾನೆ. ಅರಸ ಯೆಹೋಯಾಕೀಮ ಅದನ್ನು ಓದಿಸಿ ಕೇಳುತ್ತಾ ತುಂಡುತುಂಡಾಗಿ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಬಾರೂಕ ಮತ್ತೆ ಬರೆಯುತ್ತಾನೆ, ಈ ಸಲ ಇನ್ನಷ್ಟು ಮಾತು ಸೇರುತ್ತದೆ. ಇದನ್ನು ಹೇಳುವಾಗ ಟೀಚರಮ್ಮನ ದನಿ ತರಗತಿಯ ದನಿಯಾಗಿತ್ತು. ಆ ದಿನ ನಾನು ಹೇಳಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ.

ಮುಂದೆ ವ್ಯವಹಾರ. ಪಿಂಚಣಿಯ ಹಣ ಹಾಕಬೇಡಿ ಎಂದು ಖಡಾಖಂಡಿತವಾಗಿ ಹೇಳಿದೆ. ಪ್ರತಿ ಕೊಳ್ಳುವುದೇ ಆದರೆ ಪುಸ್ತಕ ಅಚ್ಚಾದ ಮೇಲೆ, ಲೇಖಕರ ರಿಯಾಯಿತಿಯಲ್ಲಿ, ಮನೆಯಲ್ಲಿ ಒಪ್ಪಿಗೆಯಾದಷ್ಟು. ಮುಂದೆ ಯಾರೇ ಒಪ್ಪಿದರೂ ಬಾಯಿಮಾತು ಸಾಲದು: 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು, ಅವಧಿ ನಮೂದಿಸದಿದ್ದರೆ ಐದು ವರ್ಷವೆಂದು ಲೆಕ್ಕ. ಲೇಖಕರ ಒಪ್ಪಿಗೆಯಿಲ್ಲದೆ ಯಾವ ಭಾಗವನ್ನೂ ತೆಗೆಯುವಂತಿಲ್ಲ ಎಂಬ ಸಾಲನ್ನೂ ಸೇರಿಸಿ ಎಂದೆ. ಕಾಗುಣಿತ, ವಾಕ್ಯದ ಉದ್ದ, ಶೀರ್ಷಿಕೆಗಳನ್ನು ಮಾತ್ರ ಸಂಪಾದಕರ ಕೈಗೆ ಧಾರಾಳವಾಗಿ ಬಿಟ್ಟುಕೊಡಬಹುದು. ಸತ್ಯವೇದದ ವಚನಗಳನ್ನು ಉದ್ದಕ್ಕೆ ಉಲ್ಲೇಖಿಸಿರುವುದರಿಂದ, ಆ ಅನುವಾದದ ಹಕ್ಕು ಯಾರದೆಂದು ಸತ್ಯವೇದದ ಮೊದಲ ಪುಟಗಳಲ್ಲಿ ನೋಡಿ ಅನುಮತಿ ಕೇಳುವುದೂ ಇದೆ. ಬೇರೆ ಪ್ರಕಾಶಕರಿಗೆ ಒಂದು ಪುಟದ ಪರಿಚಯ ಪತ್ರ, ಅಧ್ಯಾಯಗಳ ಸಾರಾಂಶ, ಎರಡು ಮಾದರಿ ಅಧ್ಯಾಯ ಸಾಕು. ಮಾದರಿಯಲ್ಲಿ ಮೂರನೆಯದು ಇರಲೇಬೇಕು. ಅದನ್ನು ಒಲ್ಲದವರು ಮೊದಲೇ ಒಲ್ಲೆ ಎನ್ನಲಿ.

ಹಳೆಯ ಪ್ರಕಾಶಕರಿಗೆ ಉತ್ತರವನ್ನು ಅವರೇ ಬರೆದು ತಂದರು. ಓದಿದ್ದಕ್ಕೆ ವಂದನೆ, ಅಧ್ಯಾಯ ತೆಗೆಯಲಾಗದು, ಅದಕ್ಕೆ ಮುನ್ನುಡಿಯಂತೆ 88ನೆಯ ಕೀರ್ತನೆಯ ಬಗ್ಗೆ ಒಂದು ಪುಟ ಸೇರಿಸಬಲ್ಲೆ, ಮುಂಗಡ ಕೊಡಲಾರೆ. ಇಷ್ಟೇ. ನಾನು ಒಂದಕ್ಷರವನ್ನೂ ತಿದ್ದಲಿಲ್ಲ.

ಮಾತ್ರೆಯಿಂದ ನಿದ್ದೆ ಸುಧಾರಿಸಿದೆ. ಪ್ರಾರ್ಥನಾ ಕೂಟಕ್ಕೆ ಇನ್ನೂ ಹೋಗುತ್ತಿಲ್ಲ, ನಾನೂ ಒತ್ತಾಯಿಸಿಲ್ಲ. ಅವರ ಮನೆಯವರು ಈ ಹಸ್ತಪ್ರತಿಯ ಒಂದು ಪುಟವನ್ನೂ ಓದಿಲ್ಲ ಎಂಬುದು ಈಚೆಗೆ ತಿಳಿಯಿತು. ಮಗನ ಮಾತು ಗಂಡ ಹೆಂಡಿರ ನಡುವೆ ಬಂದೇ ಇಲ್ಲವಂತೆ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.