ಸ್ಲೈಡಾ, ವಿಡಿಯೋನಾ? ಮೊದಲು ಮನೆಯ ತಂಬಿಗೆ ತರಿಸಿ

ಹತ್ತನೇ ಕ್ಲಾಸೂ ದಾಟದ ಆಶಾ ಕಾರ್ಯಕರ್ತೆಯರಿಗೆ ಮಕ್ಕಳ ಭೇದಿ, ನ್ಯುಮೋನಿಯಾ ಪಾಠ ತಲೆಗೆ ಹೋಗುವ ಹಾಗೆ ಮಾಡಲು ಸ್ಲೈಡ್ ಒಳ್ಳೆಯದೋ ವಿಡಿಯೋನೋ ಅಂತ ಕೇಳಿದ್ದೀರಿ. 15 ವರ್ಷದ ಹಿಂದೆ ಅಂಕೋಲಾ ಕಡೆ ತರಬೇತಿ ಕೊಡಲು ಹೊರಟಾಗ ನನ್ನ ತಲೆಯಲ್ಲೂ ಇದೇ ಇತ್ತು. ರಾತ್ರಿ ಕೂತು ಚಾರ್ಟ್ ಬರೆದೆ, ಬಣ್ಣ ಹಚ್ಚಿದೆ.

ಓಆರ್‌ಎಸ್, ಅಂದರೆ ಭೇದಿಯಾದ ಮಗುವಿಗೆ ನೀರಿನಲ್ಲಿ ಕದಡಿ ಕುಡಿಸುವ ಉಪ್ಪು-ಸಕ್ಕರೆ ಪುಡಿ, ಅದರ ಪಾಠಕ್ಕೆ ಬರುವಷ್ಟರಲ್ಲಿ ಊಟದ ಹೊತ್ತು. ಪೊಟ್ಟಣ ಎತ್ತಿ ಹಿಡಿದು, "ಒಂದು ಲೀಟರ್ ನೀರಿಗೆ ಪೂರ್ತಿ ಪೊಟ್ಟಣ. ಲೀಟರ್ ಅಂದ್ರೆ ನಿಮ್ಮ ಮನೆ ತಂಬಿಗೆ ತುಂಬ" ಅಂದುಬಿಟ್ಟೆ. ಎಲ್ಲರೂ ಬರೆದುಕೊಂಡರು. ಪರೀಕ್ಷೆಯಲ್ಲೂ ಅದನ್ನೇ ಬರೆದರು, ನಾನೇ ರೈಟ್ ಹಾಕಿದೆ.

ನನ್ನ ಕಣ್ಣ ಮುಂದಿದ್ದದ್ದು ತವರುಮನೆಯ ಹಿತ್ತಾಳೆ ತಂಬಿಗೆ. ಅದಕ್ಕೆ ಸರಿಯಾಗಿ ಒಂದು ಲೀಟರ್ ಹಿಡಿಯುತ್ತಿತ್ತು. ಗಂಗಾವಳಿ ಹೊಳೆ ಬದಿಯ ಒಂದು ಮನೆಯ ಸ್ಟೀಲ್ ತಂಬಿಗೆಗೆ ಅರ್ಧ ಲೀಟರಿನ ಮೇಲೆ ಒಂದು ಗುಟುಕು ಹಿಡಿದರೆ ಹೆಚ್ಚು. ಜುಲೈ ತಿಂಗಳು, 11 ತಿಂಗಳ ಮಗು, ಎರಡು ದಿನದಿಂದ ಭೇದಿ. ಆ ಊರಿನ ಆಶಾ ಮಳೆಯಲ್ಲಿ ನೆನೆದುಕೊಂಡೇ ಹೋಗಿ, ನಾನು ಹೇಳಿದ ಹಾಗೇ ಕದಡಿ, ಚಮಚದಲ್ಲಿ ಕುಡಿಸಿದಳು. ಮಗು ಬಾಯಿ ಚಾಚಿ ಚಾಚಿ ಕುಡಿಯಿತಂತೆ. ಎಲ್ಲರಿಗೂ ಖುಷಿ. ಅದು ಉಪ್ಪಿನ ಬಾಯಾರಿಕೆ ಅಂತ ಯಾರಿಗೆ ಗೊತ್ತು?

ನೀರು ಅರ್ಧವಾದರೆ ಉಪ್ಪು, ಸಕ್ಕರೆ ಎರಡೂ ದುಪ್ಪಟ್ಟು ಗಟ್ಟಿ. ಗಟ್ಟಿ ದ್ರಾವಣ ಕರುಳಿಗಿಳಿದರೆ ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ಅತ್ತ ರಕ್ತದಲ್ಲಿ ಸೋಡಿಯಂ ಏರಿ ಮಗು ಚಡಪಡಿಸುತ್ತದೆ, ಮಿತಿಮೀರಿದರೆ ಫಿಟ್ಸ್ ಬರುತ್ತದೆ. ಔಷಧಿ ಅಂತ ಕೊಟ್ಟದ್ದೇ ಕಾಯಿಲೆ ಬೆಳೆಸಿತು. ರಾತ್ರಿ ವಾಂತಿ, ಕೀರಲು ಅಳು. ಅಜ್ಜಿ ನಾಲಿಗೆಗೆ ಹಚ್ಚಿ ನೋಡಿ, "ಇದೆಂತ, ಉಪ್ಪಿನಕಾಯಿ ನೀರಾ?" ಅಂದರಂತೆ. ಸರಿಯಾಗಿ ಕದಡಿದ ಓಆರ್‌ಎಸ್ ಕಣ್ಣೀರಿಗಿಂತ ಉಪ್ಪಾಗಿರಬಾರದು. ಆ ಅಜ್ಜಿಗೆ ತಿಳಿದದ್ದನ್ನು ನಾನು ತರಗತಿಯಲ್ಲಿ ಹೇಳಿರಲೇ ಇಲ್ಲ.

ನಾಲ್ಕು ದಿನ ಆಸ್ಪತ್ರೆ, ಡ್ರಿಪ್. ಮಗು ಉಳಿಯಿತು. ಎಷ್ಟು ನೀರು ಹಾಕಿದ್ದೆ ಅಂತ ಡಾಕ್ಟರ್ ಕೇಳಿದಾಗ ಆ ಆಶಾ "ತಂಬಿಗೆ" ಅಂದಳು. ಎಲ್ಲರೂ ಅವಳನ್ನೇ ನೋಡಿದರು, ನಾನೂ ನೋಡಿದೆ. ಸಾಲದ್ದಕ್ಕೆ ಹೊರಗೆ ಕರೆದು ಬೈದೆ. ಅವಳು ಮಾತಾಡದೆ ಚೀಲದಿಂದ ನೋಟ್‌ಬುಕ್ ತೆಗೆದು ಕೈಗಿಟ್ಟಳು. "ತಂಬಿಗೆ ತುಂಬ", ಕೆಳಗೆ ಎರಡು ಗೆರೆ. ಅವಳು ಓದಿದ್ದು ಎಂಟನೇ ಕ್ಲಾಸ್. ಒಂದಕ್ಷರ ತಪ್ಪಿರಲಿಲ್ಲ.

ಆಮೇಲೆ ಎರಡು ಮಳೆಗಾಲ ಆ ಕೇರಿಯಲ್ಲಿ ಯಾರೂ ಪೊಟ್ಟಣ ಮುಟ್ಟಲಿಲ್ಲ. ಬೈಗುಳ ತಿಂದವಳು ಅವಳು, ನಾನಲ್ಲ.

ಹಾಗಾಗಿ "ಓದಿಲ್ಲದವರಿಗೆ ಹೇಗೆ ಕಲಿಸಲಿ" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಮ್ಮ ಬಾಯಿಂದ ಬಿದ್ದದ್ದನ್ನು ಅವರು ಬಿದ್ದ ಹಾಗೇ ಕಲಿಯುತ್ತಾರೆ, ಕಷ್ಟ ಇರುವುದೇ ಅಲ್ಲಿ. ಸ್ಲೈಡ್, ವಿಡಿಯೋ ಯಾವುದಾದರೂ ತೋರಿಸಿ, ನನಗೆ ಜಗಳವಿಲ್ಲ. ಆದರೆ ಪ್ರತಿಯೊಬ್ಬಳೂ ಮನೆಯಲ್ಲಿ ನೀರು ಕುಡಿಯುವ ತಂಬಿಗೆ ಹಿಡಿದೇ ಬರಲಿ. ಲೀಟರ್ ಬಾಟಲಿಯಿಂದ ಸುರಿದು ಅಳೆಸಿ, ಲೀಟರ್ ನಿಲ್ಲುವಲ್ಲಿ ಉಗುರುಬಣ್ಣದ ಗೆರೆ ಹಾಕಿಸಿ, ಹಿಡಿಯದಿದ್ದರೆ ಎಷ್ಟು ಸಲ ಸುರಿಯಬೇಕೆಂದು ಬರೆಸಿ. ಭೇದಿ ಇರುವ ಮನೆಗೆ ಹೋದಾಗ ಅಲ್ಲಿನ ಪಾತ್ರೆಗೂ ಅದೇ. ಇನ್ನೊಂದು, ಮೆಡಿಕಲ್ ಶಾಪಿನಲ್ಲಿ 200 ಮಿ.ಲೀ. ನೀರಿಗೆ ಹಾಕುವ ಚಿಕ್ಕ ಪೊಟ್ಟಣವೂ ಸಿಗುತ್ತದೆ. ಎರಡನ್ನೂ ಕೈಯಲ್ಲಿ ಹಿಡಿಸಿ ಓದಿಸಿ. ಭೇದಿಗೆ ಕೊಡುವ ಜಿಂಕ್ ಮಾತ್ರೆ 14 ದಿನ ಅಂತ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಮೂರನೇ ದಿನ ಭೇದಿ ನಿಂತಾಗ ತಾಯಿ ಮಾತ್ರೆ ನಿಲ್ಲಿಸುತ್ತಾಳೆ, ಆಗ ಏನು ಹೇಳುತ್ತೀರಿ ಅಂತ ಕೇಳಿ ನೋಡಿ.

ಇನ್ನು ನ್ಯುಮೋನಿಯಾ. ಅದನ್ನು ಗುರುತಿಸಲು ಉಸಿರು ಎಣಿಸುವುದನ್ನು ಗೊಂಬೆ ಇಟ್ಟು ಕಲಿಸಬೇಡಿ. ಲಸಿಕೆ ದಿನ ಕರೆದುಕೊಂಡು ಹೋಗಿ, ಚುಚ್ಚುವ ಮೊದಲೇ, ಅಳದ ಕೂಸಿನ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಎಣಿಸಲಿ. ಎರಡು ತಿಂಗಳೊಳಗಿನದಕ್ಕೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40, ಅಷ್ಟಾದರೂ ಅದರ ಮೇಲಾದರೂ ವೇಗದ ಉಸಿರು. ಎದೆಗೂಡಿನ ಕೆಳಗೆ ಒಳಗೆ ಸೆಳೆಯುತ್ತಿದ್ದರೆ, ಮೊಲೆ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಮಂಕಾಗಿ ಬಿದ್ದರೆ ಎಣಿಸುತ್ತಾ ಕೂರದೆ ಗಾಡಿ ಕರೆಸಲಿ.

ಶಿರಸಿ ಕಡೆಯವರು ಅಂದಿರಿ. ಮೇ ತಿಂಗಳೊಳಗೆ ಮುಗಿಸಿಬಿಡಿ, ಮಳೆ ಹಿಡಿದರೆ ಅರ್ಧ ಜನ ಬರಲಾರರು, ಬಂದವರ ಮನಸ್ಸು ಗದ್ದೆ ನಟ್ಟಿಯಲ್ಲಿರುತ್ತದೆ. ತಂಬಿಗೆ ವಿಷಯ ಹಿಂದಿನ ದಿನವೇ ಫೋನ್ ಮಾಡಿ ನೆನಪಿಸಿ. ಇಲ್ಲದಿದ್ದರೆ ಎಲ್ಲರೂ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ನೀರಿನ ಬಾಟಲಿ ಹಿಡಿದು ಬರುತ್ತಾರೆ.