ಕಾಣೆಯಾದ 20 ಜಿಬಿ ನಿಮ್ಮ ಲೇಖನದಲ್ಲೇ ಇದೆ

ನಮಸ್ಕಾರ.

ಲಿನಕ್ಸ್ ಸರ್ವರ್‌ನ ಮೆಮೊರಿ ಕಾರಣವಿಲ್ಲದೆ ತುಂಬಿಕೊಳ್ಳುವ ಬಗ್ಗೆ ನೀವು ಕಳುಹಿಸಿದ ಲೇಖನ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ಕುತೂಹಲ ಕೆರಳಿಸುವುದು ನಿಮಗೆ ಗೊತ್ತಿದೆ. ಆದರೆ ಕಳ್ಳ ಸಿಗಲಿಲ್ಲವೆಂದು ಕೊನೆಯಲ್ಲಿ ಕೈಚೆಲ್ಲುತ್ತೀರಿ. ಅವನು ನೀವೇ ಕೊಟ್ಟ ಅಂಕಿಗಳ ನಡುವೆ ಆರಾಮವಾಗಿ ಕುಳಿತಿದ್ದಾನೆ.

ಯಂತ್ರದ ಮೆಮೊರಿ 32 ಜಿಬಿ. ಮೆಮೊರಿಯ ಲೆಕ್ಕ ತೋರಿಸುವ ‘ಫ್ರೀ’ ಕಮಾಂಡ್ ಪ್ರಕಾರ 29 ಜಿಬಿ ಬಳಕೆಯಲ್ಲಿದೆ. ಓಡುತ್ತಿರುವ ಪ್ರೋಗ್ರಾಂಗಳ, ಅಂದರೆ ಪ್ರೋಸೆಸ್‌ಗಳ ಆರ್‌ಎಸ್‌ಎಸ್ (ಒಂದೊಂದೂ ಮೆಮೊರಿಯಲ್ಲಿ ಹಿಡಿದಿರುವ ಜಾಗ) ಕೂಡಿದರೆ 6 ಜಿಬಿ ದಾಟುವುದಿಲ್ಲ. ಹಲವು ಪ್ರೋಸೆಸ್‌ಗಳು ಹಂಚಿಕೊಂಡ ಪುಟಗಳು (ಮೆಮೊರಿಯ ತುಣುಕುಗಳು) ಈ ಮೊತ್ತದಲ್ಲಿ ಹಲವು ಸಲ ಸೇರುವುದರಿಂದ ನಿಜವಾದ ಬಳಕೆ ಇನ್ನೂ ಕಡಿಮೆ. ಇಲ್ಲಿಯವರೆಗೆ ಸರಿ. ಮುಂದೆ ಮೆಮೊರಿಯ ವಿವರವಾದ ಲೆಕ್ಕವಿರುವ ಮೆಮ್‌ಇನ್ಫೋ ಕಡತವನ್ನು ಇಡಿಯಾಗಿ ಹಾಕಿ, ಒಂದು ಸಾಲನ್ನೂ ವಿವರಿಸದೆ ‘ಮೆಮೊರಿ ಲೀಕ್’ (ಪ್ರೋಗ್ರಾಂ ಪಡೆದ ಮೆಮೊರಿಯನ್ನು ಹಿಂದಿರುಗಿಸದೆ ಆಗುವ ಸೋರಿಕೆ) ಎಂದು ತೀರ್ಪು ಕೊಟ್ಟಿದ್ದೀರಿ. ಅದೇ ಕಡತದ ಕೊನೆಯ ಭಾಗ ನೋಡಿ: ಹ್ಯೂಜ್‌ಪೇಜಸ್ ಒಟ್ಟು 10240, ಖಾಲಿ 10240, ಒಂದೊಂದರ ಗಾತ್ರ 2048 ಕೆಬಿ. ಗುಣಿಸಿದರೆ ಸರಿಯಾಗಿ 20 ಜಿಬಿ! ಇವು ಲಿನಕ್ಸ್‌ನ ತಿರುಳಾದ ಕರ್ನಲ್ ಮೊದಲೇ ಕಾದಿರಿಸಿದ ದೊಡ್ಡ ಪುಟಗಳು. ಖಾಲಿಯಿದ್ದರೂ, ಕೇಳಿ ಪಡೆಯುವ ಪ್ರೋಗ್ರಾಂಗಳನ್ನು ಬಿಟ್ಟು ಬೇರೆ ಯಾರಿಗೂ ದಕ್ಕುವುದಿಲ್ಲ; ಪ್ರೋಸೆಸ್‌ಗಳ ಆರ್‌ಎಸ್‌ಎಸ್‌ನಲ್ಲೂ ಕಾಣುವುದಿಲ್ಲ.

ಇನ್ನೂ ಎರಡು ಸುಳಿವುಗಳನ್ನು ದಾಟಿ ಹೋಗಿದ್ದೀರಿ. ಆ ಯಂತ್ರದಲ್ಲಿದ್ದ ಡೇಟಾಬೇಸ್ ಬೇರೆಡೆಗೆ ಹೋಯಿತು ಎಂದು ಆರಂಭದಲ್ಲೇ ಬರೆದಿದ್ದೀರಿ. ದೊಡ್ಡ ಪುಟಗಳನ್ನು ಹೆಚ್ಚಾಗಿ ಕಾದಿರಿಸುವುದು ಡೇಟಾಬೇಸ್‌ಗಳಿಗಾಗಿಯೇ. ಜೊತೆಗೆ, ರೀಸ್ಟಾರ್ಟ್ ಮಾಡಿದ ಮೇಲೆ ಯಾವ ಸೇವೆಯೂ ಶುರುವಾಗುವ ಮುನ್ನವೇ ಬಳಕೆ 21 ಜಿಬಿ ಇತ್ತಂತೆ. ಸೋರಿಕೆ ಹೀಗೆ ವರ್ತಿಸುವುದಿಲ್ಲ, ಅದು ಮೆಲ್ಲಗೆ ಏರುತ್ತದೆ. ಬೂಟ್ ಆದಾಗಲೇ ಹೋಗುವ ಮೆಮೊರಿಗೆ ಕಾರಣವನ್ನು ಸೆಟ್ಟಿಂಗ್‌ನಲ್ಲಿ ಹುಡುಕಬೇಕು: ಕರ್ನಲ್‌ನ ಸೆಟ್ಟಿಂಗ್‌ಗಳಿರುವ ಸಿಸ್‌ಕಂಟ್ರೋಲ್ ಕಡತಗಳು, ಶುರುವಾಗುವಾಗ ಕರ್ನಲ್‌ಗೆ ಕೊಡುವ ಬೂಟ್ ಸಾಲು.

ಗಂಟೆಗೊಮ್ಮೆ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಸಾಧನ) ಮೂಲಕ ಕ್ಯಾಶ್, ಅಂದರೆ ಓದಿದ ಕಡತಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ, ಖಾಲಿ ಮಾಡಿ ಎಂಬ ನಿಮ್ಮ ಸಲಹೆಯನ್ನು ದಯವಿಟ್ಟು ತೆಗೆದುಹಾಕಿ. ಅದು ಈ 20 ಜಿಬಿಯನ್ನು ಮುಟ್ಟುವುದೇ ಇಲ್ಲ. ಕ್ಯಾಶ್‌ನಲ್ಲಿದ್ದ ಕಡತಗಳನ್ನು ಮತ್ತೆ ಡಿಸ್ಕ್‌ನಿಂದ ಓದುವ ಕೆಲಸ ಮಾತ್ರ ಹೆಚ್ಚುತ್ತದೆ. ಓದುಗರು ಇಂಥದ್ದನ್ನೇ ನಕಲು ಮಾಡಿಕೊಳ್ಳುತ್ತಾರೆ, ಅದೇ ನನ್ನ ಭಯ.

29ರಲ್ಲಿ 20 ಮತ್ತು 6 ಕಳೆದರೆ ಲೆಕ್ಕದಲ್ಲಿ ಇನ್ನೂ ಕನಿಷ್ಠ 3 ಜಿಬಿ ಉಳಿಯುತ್ತದೆ. ಮೆಮ್‌ಇನ್ಫೋದಲ್ಲಿ ಕರ್ನಲ್ ತನಗಾಗಿಯೇ ಬಳಸುವ ಮೆಮೊರಿಯನ್ನು ತೋರಿಸುವ ಎಸ್‌ಅನ್‌ರಿಕ್ಲೇಮ್ ಮತ್ತು ಪೇಜ್‌ಟೇಬಲ್ಸ್ ಸಾಲುಗಳನ್ನು ನೋಡಿ, ಅದರ ವಿವರ ಕೊಡುವ ಸ್ಲ್ಯಾಬ್‌ಟಾಪ್ ಕಮಾಂಡ್ ಓಡಿಸಿ. ಅದಕ್ಕೂ ಉತ್ತರ ಸಿಕ್ಕ ಮೇಲೆ ಲೇಖನವನ್ನು ಅರ್ಧಕ್ಕೆ ಇಳಿಸಿ ಕಳುಹಿಸಿ.