ಓಲಾಂಜಪೈನ್ ತಗೊಂಡರೂ ಬ್ರೌನ್ ಶುಗರ್ ಆಸೆ ಯಾಕೆ?

ನಿಮ್ಮ ತಮ್ಮ ಮನೋರೋಗದ ಮಾತ್ರೆ ಓಲಾಂಜಪೈನ್ ತಗೊಳ್ಳುತ್ತಿದ್ದರೂ ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಆಸೆ ಹೋಗಿಲ್ಲ ಅಂತ ಕೇಳಿದ್ದೀರಿ. ಮಾತ್ರೆ ಕೆಟ್ಟಿಲ್ಲ, ಅದರ ಕೆಲಸವೇ ಬೇರೆ. ಓಲಾಂಜಪೈನ್ ಮುಖ್ಯವಾಗಿ ಮಿದುಳಿನಲ್ಲಿ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕದ ಕೆಲಸ ತಡೆಯುತ್ತದೆ. ಅದರಿಂದ ನಿಮ್ಮ ತಮ್ಮನ ಅನುಮಾನ, ಕಿವಿಯಲ್ಲಿ ಕೇಳುವ ದನಿ ಕಡಿಮೆಯಾಗುತ್ತವೆ. ಆದರೆ ಪುಣೆ ಸ್ಟೇಷನ್ ಹತ್ತಿರದ ಹಳೇ ಜಾಗ ಕಂಡ ಕೂಡಲೇ ಆಸೆ ಬರುತ್ತದೆ ಅಂದಿರಲ್ಲ, ಅದರಲ್ಲಿ ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದ ಕೈವಾಡ ಜಾಸ್ತಿ. ಮಿದುಳಿನ ಮುಂಭಾಗದಿಂದ ಆಸೆಯ ಕೇಂದ್ರಕ್ಕೆ ಹೋಗುವ ಸಂದೇಶ ಅದರದ್ದೇ. ಬಿಟ್ಟು ತಿಂಗಳುಗಳಾದರೂ ಆ ದಾರಿ ಅಳಿಯುವುದಿಲ್ಲ. ಬ್ರೌನ್ ಶುಗರ್ ಅನ್ನು ಬೆಳ್ಳಿ ಕಾಗದದ ಮೇಲೆ ಕಾಯಿಸಿ ಸೇದುತ್ತಿದ್ದ ನಮ್ಮಣ್ಣನಿಗೆ, ಬಿಟ್ಟ ಮೇಲೆ ಚಾಕೊಲೇಟಿನ ಬೆಳ್ಳಿ ಕಾಗದ ಕಂಡರೂ ಕೈ ಬೆವರುತ್ತಿತ್ತು.

ಮೊದಲು, ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಹೆಚ್ಚಿಸಲೂ ಬೇಡಿ. ಆಮೇಲೆ ಒಂದು ವಾರ ಆಸೆ ಬಂದ ಜಾಗ, ಹೊತ್ತು, ಜೊತೆಗಿದ್ದವರು ಎಲ್ಲ ಬರೆದಿಡಿ. ನಮಗೆ ದಾರಿ ತೋರಿಸಿದ್ದು ಆ ಚೀಟಿಯೇ. ಸದ್ಯಕ್ಕೆ ತಮ್ಮ ಆ ಹಳೇ ಜಾಗದ ಕಡೆ ಹೋಗದೆ ಬೇರೆ ದಾರಿಯಲ್ಲಿ ಓಡಾಡಲಿ. ಚೀಟಿ ಹಿಡಿದು ಡಾಕ್ಟರ್ ಹತ್ತಿರ ಹೋಗಿ, ಹೆರಾಯಿನ್ ಚಟಕ್ಕೆ ಕೊಡುವ ಔಷಧಿಗಳಾದ ಬ್ಯುಪ್ರಿನಾರ್ಫಿನ್ ಅಥವಾ ನಾಲ್ಟ್ರೆಕ್ಸೋನ್ ಹೊಂದುತ್ತದೆಯೇ ಕೇಳಿ. ನೀವು ಕೇಳಿದ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಇನ್ನೊಂದು ಔಷಧಿ ಗ್ಲುಟಮೇಟ್ ಹದಕ್ಕೆ ತರುತ್ತದೆ ಅಂತಾರೆ, ಆದರೆ ಮನುಷ್ಯರಲ್ಲಿ ಫಲಿತಾಂಶ ಒಂದೇ ತೆರನಾಗಿಲ್ಲ. ಸುಮ್ನೆ ಅಂಗಡಿಯಿಂದ ತಂದು ಕೊಡಬೇಡಿ.

ಪುಣೆಯಲ್ಲೇ ಇದ್ದೀರಲ್ವಾ? 1986ರಿಂದ ನಡೆಯುತ್ತಿರುವ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರದಲ್ಲಿ ವಿಚಾರಿಸಿ. ರಾತ್ರಿ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು.